ಮಗಳ ಪಿಸುಮಾತು

ಜುಲೈ ೯, ಬುಧವಾರ

ಸಿಸ್ಟರ್ ಫಿಲೋಮಿನಾ ಅವರ ನರ್ಸರಿಗೆ ಸೇರಿಸಿದಾಗಿನಿಂದ ಮಗಳು ಶಾರ್ವರಿ ತಿನ್ನುವ ಮುಂಚೆ ಕಣ್ಣು ಮುಚ್ಚಿ ಏನೋ ಪಿಸುಗುಡುತ್ತಾಳೆ. ಯೇಸುವಿನ ಹೆಸರೇ ಇರಬೇಕೆಂದು ನನಗೆ ಗುಮಾನಿ. ಇವತ್ತು ಬೆಳಿಗ್ಗೆ ಜೀಪು ಹತ್ತಿ ಕಳಸದ ನರ್ಸರಿಗೇ ಹೋಗಿ ಸಿಸ್ಟರ್ ಅವರನ್ನು ಕೇಳಿಯೇ ಬಿಟ್ಟೆ.

"ನಿಮ್ಮನೆ ದೇವ್ರನ್ನೇ ನೆನೀಲಿ ಸತ್ಯವತಿಯವ್ರೇ. ಮನಸ್ಸಲ್ಲಿರೋದನ್ನ ಹೇಳ್ಕೊಳ್ಳೋದೂ ಮಕ್ಳು ಕಲೀಬೇಕಲ್ವಾ?" ಎಂದರು ಸಿಸ್ಟರ್.

ಬೆಣ್ಣೆಯಂಥ ಮಾತು. ನಾನೇನೂ ನಂಬಲಿಲ್ಲ. ಮಾತಾಡುವಾಗ ನನ್ನ ಮುಖ ಬಿಟ್ಟು ಕೈಯನ್ನೇ ನೋಡುತ್ತಿದ್ದರು. ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ.

ಸಂಜೆ ಮನೆಯಲ್ಲಿ ಶಾರ್ವರಿಯ ಮುಂದೆ ಅವಲಕ್ಕಿ ತಟ್ಟೆಯಿಟ್ಟು, ಬಾಗಿಲ ಹಿಂದೆ ನಿಂತು ಕಿವಿಗೊಟ್ಟೆ.

"ಗಣಪ, ಇವತ್ತು ಅಮ್ಮ ಹೊಡೀದೆ ಇರ್ಲಿ."

ನರ್ಸರಿಯಲ್ಲೂ ದಿನಾ ಇದನ್ನೇ ಕೇಳಿಕೊಳ್ಳುತ್ತಾಳೋ? ಎಲ್ಲರಿಗೂ ಕೇಳುವಂತೆಯೋ?

ಸಿಸ್ಟರ್ ನೋಡುತ್ತಿದ್ದದ್ದು ಈ ಬಲಗೈಯನ್ನೇ. ಬರೆಯುವುದಕ್ಕೂ ನನಗೆ ಇರುವುದು ಇದೇ.