ಮೂರನೇ ಸಾಲಿನ ಹೆಬ್ಬೇವು

ಗಿಡ ಎಣಿಸೋಕೆ ಬರುವ ಅರಣ್ಯ ಇಲಾಖೆ ಸಾಹೇಬರಿಗೆ ನಮಸ್ಕಾರ.

ನಮ್ಮ ಯಜಮಾನ್ರು ನಿಮ್ಮ ಸಬ್ಸಿಡಿ ನಂಬಿ ಹಿಪ್ಪುನೇರಳೆ ತೋಟದೊಳಗೇ ಹೆಬ್ಬೇವು ನೆಟ್ಟಿದ್ರು. ಮರ ಚೆನ್ನಾಗಿ ಬಂದವು. ಅವುಗಳ ನೆರಳಿಗೆ ಸೊಪ್ಪು ಸೊರಗಿ, ರೇಷ್ಮೆ ಹುಳ ಸಾಕೋದು ನಿಂತೋಯ್ತು. ಸಬ್ಸಿಡಿ ಮನೆ ಖರ್ಚಿಗೆ ಸಾಲದೆ ಅವರು ಬಿಡದಿಗೆ ಲೋಡಿಂಗ್ ಕೆಲಸಕ್ಕೆ ಹೋಗ್ತಿದ್ರು. ಹೋದ ವಾರ ವಾಪಸ್ ಬರುವಾಗ ಗಾಡಿ ಗುದ್ದಿ ರಸ್ತೆಯಲ್ಲೇ ತೀರಿಕೊಂಡರು.

ನಮ್ಮಲ್ಲಿ ಸ್ವಂತ ಹೊಲದಲ್ಲೇ ಮಣ್ಣು ಮಾಡೋದು. ಅವರಪ್ಪನ ಪಕ್ಕ ಗುಂಡಿ ತೋಡುವಾಗ ಮೂರನೇ ಸಾಲಿನ ಒಂದು ಮರದ ಬೇರು ಕಡಿದೋಗೈತೆ. ಬೇಕಂತ ಕಡಿದದ್ದಲ್ಲ. ಬದುಕಿರೋ ಮರಕ್ಕೆ ಮಾತ್ರ ದುಡ್ಡು ಅಂತ ಗೊತ್ತು. ಎಲೆ ಬಾಡಿದ್ರೂ ದಿನಾ ನೀರು ಹಾಕ್ತಿದ್ದೀನಿ, ಅದನ್ನೂ ಲೆಕ್ಕಕ್ಕೆ ಹಿಡೀರಿ.

ಎಣಿಸೋಕೆ ಬಂದಾಗ ಆ ಸಾಲಿನಲ್ಲಿ ಮಾತ್ರ ಚಪ್ಪಲಿ ಬಿಟ್ಟು ನಡೀರಿ.

ಇಂತಿ,
ಚಲುವಯ್ಯನವರ ಹೆಂಡತಿ
ಅಂಕಮ್ಮ