ಬಸ್ ಚಾಲಕರ ಮೇಲಿನ ಹೊಟ್ಟೆಕಿಚ್ಚು

೧೪ ಜುಲೈ, ಭಾನುವಾರ

ಪ್ರೀತಿಯ ಅಕ್ಕನಿಗೆ,

ನೀನು, ಭಾವ, ಪುಟ್ಟಿ ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಬೈದುಕೊಂಡಿರುತ್ತೀಯ, ಬೈಯಿ. ಎರಡು ಸಲ ಇಂಗ್ಲಿಷಿನಲ್ಲಿ ಶುರುಮಾಡಿ ಹರಿದುಹಾಕಿದೆ. ಆ ಭಾಷೆಯಲ್ಲಿ ನಾನು ಏನು ಬರೆದರೂ ರಜೆ ಅರ್ಜಿಯ ಹಾಗೆ ಒಪ್ಪವಾಗಿಬಿಡುತ್ತದೆ. ಕಾಗುಣಿತ ತಪ್ಪಿದ್ದರೆ ಭಾವನಿಗೆ ತೋರಿಸಿ ನಗಬೇಡ.

ಮೊದಲು ಒಳ್ಳೆಯ ಸುದ್ದಿ. ಇವರು ಕುಡಿತ ಬಿಟ್ಟು ಎಂಟು ತಿಂಗಳಾಯಿತು. ಲಿಫ್ಟ್ ಕಂಪನಿಯವರು ಮತ್ತೆ ಇವರೊಬ್ಬರನ್ನೇ ರಿಪೇರಿಗೆ ಕಳಿಸುತ್ತಿದ್ದಾರೆ. ಕೈ ನಡುಗುವುದು ನಿಂತಿದೆ. ಲಿವರ್ ಪರೀಕ್ಷೆ ನಮ್ಮ ಲ್ಯಾಬಿನಲ್ಲೇ, ನನ್ನ ಕೈಯಿಂದಲೇ ಆಯಿತು. ವರದಿ ಚೆನ್ನಾಗಿದೆ. ಹಿಗ್ಗಬೇಕಾದವಳು ಆ ಕಾಗದವನ್ನು ಫೈಲಿಗೆ ಸೇರಿಸಿ ಮುಂದಿನವರ ರಕ್ತದ ಶೀಶೆ ಎತ್ತಿಕೊಂಡೆ.

ಕುಡಿತ ಬಿಡುವವರ ಆ ಗುಂಪನ್ನು ಹುಡುಕಿದ್ದು ನಾನೇ ಎಂಬುದು ನಿನಗೆ ಗೊತ್ತು. ಆಸ್ಪತ್ರೆಯಲ್ಲಿ ಯಾರನ್ನೋ ಕೇಳಿ ನಂಬರು ಪಡೆದು, ಇವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದೆ. ಹಳೆಯ ಪ್ರೆಸ್ಸಿನ ಮಹಡಿಯ ಮೇಲೆ ಒಂದು ಕೋಣೆ. ಇವರು ಮೆಟ್ಟಿಲು ಹತ್ತಿ ಮುಗಿಸುವವರೆಗೂ ಕೆಳಗೆ ಕಾವಲು ನಿಲ್ಲುತ್ತಿದ್ದೆ, ತಪ್ಪಿಸಿಕೊಂಡು ಓಡಿದರೆ ಹಿಡಿಯೋಣವೆಂದು. ಈಗ ಇವರೇ ನನಗಿಂತ ಮುಂಚೆ ತಲೆ ಬಾಚಿಕೊಂಡು ನಿಂತಿರುತ್ತಾರೆ. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕಂತೆ. ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಎನ್ನುತ್ತಾರೆ, ಸಿನಿಮಾಕ್ಕೆ ಹೋಗಿ ಬಂದವರ ಹಾಗೆ.

ಹೊಸದಾಗಿ ಬಂದವರಿಗೆ ಹಳಬರೊಬ್ಬರು ಆಸರೆಯಾಗಿ ನಿಲ್ಲುವುದು ಅಲ್ಲಿಯ ಪದ್ಧತಿ. ಇವರ ಪಾಲಿಗೆ ಸಿಕ್ಕಿದವರು ಒಬ್ಬ ನಿವೃತ್ತ ಬಸ್ ಚಾಲಕರು. ಕುಡಿಯಬೇಕು ಎನ್ನಿಸಿದ ಕೂಡಲೇ ಅವರಿಗೆ ಫೋನು. ಬಾಲ್ಕನಿಯ ಬಾಗಿಲು ಎಳೆದುಕೊಂಡು ‘ಅಣ್ಣಾ’ ಎಂದು ಶುರುಮಾಡಿದರೆ, ಗಾಜಿನಾಚೆ ಇವರ ಕೈ ಆಡುವುದಷ್ಟೇ ನನಗೆ ಕಾಣುತ್ತದೆ. ಒಂದು ದಿನ ಅಳುತ್ತಿದ್ದರು. ನಾನು ಈಚೆ ನಿಂತು, ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ. ಹೆಣ್ಣಿನ ವಿಷಯವಾಗಿದ್ದರೆ ಜಗಳವಾದರೂ ಆಡಬಹುದಿತ್ತು, ನಿನ್ನ ಮನೆಗೆ ಹೊರಡುತ್ತೇನೆಂದು ಹೆದರಿಸಬಹುದಿತ್ತು. ತಲೆ ಬೋಳಾದ, ಮಂಡಿ ನೋವಿನ ಮುದುಕರ ಮೇಲೆ ಹೊಟ್ಟೆಕಿಚ್ಚು ಎಂದರೆ ಯಾರು ನಂಬುತ್ತಾರೆ, ಅಕ್ಕ?

ನಿನ್ನೆ ಸಂಜೆ ಅಲ್ಲಿ ಮನೆಯವರನ್ನೂ ಕರೆದಿದ್ದರು. ಸುತ್ತಲೂ ಪ್ಲಾಸ್ಟಿಕ್ ಕುರ್ಚಿಗಳು, ಕೆಳಗಿನಿಂದ ಶಾಯಿಯ ವಾಸನೆ. ಟೀ ಕೊಡುವ ಕೆಲಸ ಇವರದಂತೆ. ಮನೆಯಲ್ಲಿ ತಾವು ಕುಡಿದ ಲೋಟವನ್ನೂ ಎತ್ತಿಡದ ಮಹಾನುಭಾವರು! ಯಾರನ್ನೂ ಏನೂ ಕೇಳಲಿಲ್ಲ. ದರ್ಜಿಗೆ ಸಕ್ಕರೆ ಜಾಸ್ತಿ, ಬ್ಯಾಂಕಿನಾಕೆಗೆ ಅರ್ಧ ಚಮಚ, ಚಾಲಕರಿಗೆ ಸಕ್ಕರೆ ಕಾಯಿಲೆಯೆಂದು ಬೇರೆಯೇ ಪಾತ್ರೆ. ಹಾಗೇ ಕೊಡುತ್ತಾ ಬಂದು ನನ್ನ ಮುಂದೆ ನಿಂತರು.

“ನಿಂಗೆ ಸಕ್ಕರೆ ಎಷ್ಟು?”

ಪಕ್ಕದಲ್ಲೇ ಇದ್ದ ಚಾಲಕರು, “ಏನಪ್ಪಾ, ಮನೆಯೋರದ್ದೇ ಮರೆತ್ಯಾ? ಇದನ್ನೂ ಬಾಟಲಿ ಮೇಲೆ ಹಾಕ್ಬೇಡ ಮತ್ತೆ,” ಎಂದರು. ಎಲ್ಲರೂ ನಕ್ಕರು. ಇವರೂ ನಕ್ಕರು. ನಾನೂ ನಕ್ಕಿರಬೇಕು. ನಾನು ಸಕ್ಕರೆ ಬಿಟ್ಟು ಎಷ್ಟು ವರ್ಷವಾಯಿತು ಎಂಬುದು ನಿನಗೆ ಗೊತ್ತಲ್ಲ. ಎಷ್ಟಾದರೂ ಹಾಕಿ ಎಂದೆ. ತುಟಿಗೆ ಅಂಟುವಷ್ಟು ಸಿಹಿಯಾಗಿದ್ದ ಆ ಟೀಯನ್ನು ಕೊನೆಯವರೆಗೂ ಕುಡಿದೆ.

ಹೊರಡುವಾಗ ಚಾಲಕರು ಮಂಡಿ ಹಿಡಿದುಕೊಂಡು ಮೆಟ್ಟಿಲವರೆಗೂ ಬಂದರು. “ಇವನನ್ನ ಇಷ್ಟು ವರ್ಷ ಉಳಿಸ್ಕೊಂಡು ಬಂದೋರು ನೀವಮ್ಮ. ನಾವು ನಿನ್ನೆ ಮೊನ್ನೆ ಬಂದೋರು,” ಎಂದರು. ಒಳ್ಳೆಯ ಮನುಷ್ಯರು. ಅದೇ ಕಷ್ಟ. ನೆಮ್ಮದಿಯಾಗಿ ದ್ವೇಷಿಸುವುದಕ್ಕೂ ಬಿಡಲಿಲ್ಲ. ದಾರಿಯುದ್ದಕ್ಕೂ ನನ್ನನ್ನೇ ಕೇಳಿಕೊಂಡೆ: ಇವರು ಉಳಿಯಲಿ ಎಂದು ಬಯಸಿದೆನೋ, ನನ್ನಿಂದಲೇ ಉಳಿಯಲಿ ಎಂದು ಬಯಸಿದೆನೋ? ಎರಡೂ ಒಂದೇ ಎಂದು ಇಷ್ಟು ದಿನ ಅಂದುಕೊಂಡಿದ್ದೆ.

ಇರಲಿ. ಭಾವನ ಬೆನ್ನು ನೋವು ಹೇಗಿದೆ? ಭಾರ ಎತ್ತಬೇಡಿ ಎಂದು ನಾನು ಹೇಳಿದೆನೆಂದು ಹೇಳು. ಪುಟ್ಟಿಗೆ ಈಜು ಬಂತಂತೆ, ಕೇಳಿ ಸಂತೋಷವಾಯಿತು. ಅವಳು ನೂರು ಕಾಲ ಸುಖವಾಗಿರಲಿ. ಚಿಕ್ಕಮ್ಮನ ಹಾಗೆ ನೀರಿನ ದಡದಲ್ಲೇ ನಿಂತು ಬೇರೆಯವರ ಟವೆಲು ಕಾಯದಿರಲಿ.

ನಿನ್ನ
ತಂಗಿ

ಮತ್ತೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಮನೆಯಲ್ಲಿದ್ದ ಬಾಟಲಿಗಳನ್ನೆಲ್ಲ ಸಿಂಕಿಗೆ ಸುರಿದೆ ಎಂದು ನಿನಗೆ ಬರೆದಿದ್ದೆ. ಒಂದು ಉಳಿದಿದೆ, ಬೀರುವಿನಲ್ಲಿ, ನನ್ನ ಉಣ್ಣೆಯ ಶಾಲಿನೊಳಗೆ. ನಿನ್ನೆ ಲೋಟ ತೊಳೆಯಲು ಇವರು ಅಲ್ಲೇ ಉಳಿದರು. ನಾನೊಬ್ಬಳೇ ಮನೆಗೆ ಬಂದು ಅದನ್ನು ತೆಗೆದು ಇವರ ಸ್ಕ್ರೂಡ್ರೈವರ್ ಚೀಲದ ಪಕ್ಕ ಇಟ್ಟೆ. ಕುಡಿದಾಗ ಇವರು ನನ್ನ ಮಣಿಕಟ್ಟು ಹಿಡಿದು, “ಬಿಟ್ಟು ಹೋಗ್ಬೇಡ ಕಣೇ,” ಎನ್ನುತ್ತಿದ್ದರು. ಆಗ ಆ ವಾಸನೆಗೆ ಮುಖ ತಿರುಗಿಸುತ್ತಿದ್ದೆ. ಎಂಟು ತಿಂಗಳಿಂದ ಆ ಮಾತು ಕೇಳಿಲ್ಲ. ಹೊರಗೆ ಹೆಜ್ಜೆ ಸಪ್ಪಳವಾಯಿತು. ಬಾಟಲಿಯನ್ನು ಬಾಚಿಕೊಂಡು ಶಾಲಿನಡಿ ಮುಚ್ಚಿಕೊಂಡೆ. ಇವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು, “ನೀನು ಸಕ್ಕರೆ ಹಾಕ್ಕೊಳ್ಳೋದೇ ಇಲ್ಲ ಅಲ್ವಾ? ದಾರೀಲಿ ಜ್ಞಾಪಕ ಬಂತು,” ಎಂದರು. ಹೂಂ ಎಂದೆ. ಬಾಟಲಿ ಮತ್ತೆ ಬೀರುವಿನಲ್ಲೇ ಇದೆ. ಬೇಗ ಬಾ ಅಕ್ಕ. ನನ್ನ ಕೈಯಿಂದ ಅದನ್ನು ಕಿತ್ತುಕೊಳ್ಳಲು ಯಾರಾದರೂ ಬೇಕು.