ಟೈಪ್ ಆಗದ ಐದು ಪುಸ್ತಕಗಳು

ಪನಾಯ್ ದ್ವೀಪ
14 ಅಕ್ಟೋಬರ್ 2018, ಭಾನುವಾರ

ನನ್ನ ಮುದ್ದು ಅನಲಿನ್,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಮನಿಲಾದ ಆ ಹೊಗೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡು ಎಂದರೆ ನೀನು ಕೇಳುವವಳಲ್ಲ. ನೀನು ಕಳಿಸಿದ ಮಸೂದೆ, ಸಮಿತಿಯ ವರದಿ ಎರಡೂ ಇದ್ದ ಕಟ್ಟು ಜುಲೈನಲ್ಲೇ ಕೈಸೇರಿತು. ಮೇಲಿನ ಹಳದಿ ಚೀಟಿಯಲ್ಲಿ 'ನಾನಾಯ್, ಮೂವತ್ತು ವರ್ಷ ಕೋರ್ಟಿನಲ್ಲಿ ಕೂತು ಎಲ್ಲರ ಮಾತು ಬರೆದುಕೊಂಡವಳು ನೀನು. ಓದಿ ನಿನ್ನ ಅಭಿಪ್ರಾಯ ತಿಳಿಸು' ಎಂದಿದ್ದೆ. ಮೂರು ತಿಂಗಳು ಸುಮ್ಮನಿದ್ದೆ, ಬೈಯಬೇಡ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆದು ಎರಡು ಮಾತಾಡುವಷ್ಟರಲ್ಲಿ 'ವಿಷಯಕ್ಕೆ ಬಾ ನಾನಾಯ್' ಎನ್ನುತ್ತೀಯ. ಮಗಳು ವಕೀಲೆಯಾದರೆ ತಾಯಿ ಸಾಕ್ಷಿಕಟ್ಟೆ ಹತ್ತಿದ ಹಾಗೆಯೇ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಚಿಕ್ಕಪ್ಪನ ಮಂಡಿನೋವು ಹಾಗೇ ಇದೆ, ಅವನ ಹುಂಜದ ಕಾಳಗದ ಹುಚ್ಚೂ ಹಾಗೇ ಇದೆ. ಪಕ್ಕದ ಮನೆಯವರು ಕರಾವೊಕೆ ಯಂತ್ರ ತಂದಿದ್ದಾರೆ. ಈ ಪತ್ರದಲ್ಲಿ ಎಲ್ಲಾದರೂ ಸಾಲು ತಪ್ಪಿದ್ದರೆ ಅದು ಆ ಮನೆಯ ಅಳಿಯ ಹಾಡಿದ್ದರ ಫಲ.

ಈಗ ವಿಷಯಕ್ಕೆ ಬರುತ್ತೇನೆ, ವಕೀಲರೇ.

ಶಿಕ್ಷೆಯ ಕಾನೂನು ತಿದ್ದಲು ಹೊರಟ ನಿಮ್ಮ ಸಮಿತಿ ನಮ್ಮೂರಿಗೆ ಜೂನ್‌ನಲ್ಲಿ ಬಂದಿತ್ತಲ್ಲ, 'ಜನಾಭಿಪ್ರಾಯ ಸಂಗ್ರಹ'ಕ್ಕೆ? ಆ ದಿನ ಜ್ವರವೆಂದು ನೀನು ಬರಲಿಲ್ಲ. ಅಲ್ಲಿನ ಮಾತೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳಲು ಕೋರ್ಟಿನಿಂದ ಕಳಿಸಿದ್ದು ನನ್ನನ್ನೇ. ವೇದಿಕೆಯ ಹಿಂದೆ ಕಟ್ಟಿದ್ದ ಬ್ಯಾನರಿನಲ್ಲಿ ನಿಮ್ಮ ಅಧ್ಯಕ್ಷರ ಮುಖ ಬಾಗಿಲಿನಷ್ಟಿತ್ತು, ಮಸೂದೆಯ ಹೆಸರನ್ನು ನಾನು ಕನ್ನಡಕ ಹಾಕಿಕೊಂಡು ಓದಬೇಕಾಯಿತು. ಆರು ಗಂಟೆ ಬರೆದೆ. ಬೆರಳು ಮರಗಟ್ಟಿತು.

ಮೊದಲು ಪಕ್ಕದ ಪಟ್ಟಣದ ಮೇಯರ್ ಎದ್ದರು. "ಕಳ್ಳರಿಗೆ ಕರುಣೆ ತೋರಿಸ್ತಾ ಹೋದ್ರೆ ನಮ್ಮ ದೋಣಿಗಳಿಗೆ ಯಾರ್ರೀ ಗತಿ? ಶಿಕ್ಷೆ ಎರಡು ಪಟ್ಟು ಮಾಡಿ, ಆಮೇಲೆ ನೋಡಿ ಹೇಗೆ ಬಾಲ ಮುದುರಿಕೊಳ್ತಾರೆ" ಎಂದರು. ಚಪ್ಪಾಳೆ. ಆಮೇಲೆ ನಿಮ್ಮ ಕಡೆಯ ಪ್ರೊಫೆಸರ್ ಎದ್ದು ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ ತೋರಿಸಿದರು. ನಲವತ್ತು ಜನರಿಗೆ ಕಟ್ಟಿದ ನಮ್ಮ ಜೈಲಿನಲ್ಲಿ ಮುನ್ನೂರು ಜನ ಸರದಿಯ ಮೇಲೆ ಮಲಗುತ್ತಾರಂತೆ. ಅದು ನಮಗೆ ಗೊತ್ತಿಲ್ಲವೇ? "ಶಿಕ್ಷೆ ಕಡಿಮೆ ಮಾಡಿ, ಜಾಮೀನು ಸುಲಭ ಮಾಡಿ" ಎಂದರು. ಅದಕ್ಕೂ ಚಪ್ಪಾಳೆ. ಹೊಡೆದವರು ಅವೇ ಜನ, ನಾನು ಕಣ್ಣಾರೆ ನೋಡಿದೆ.

ಮಧ್ಯಾಹ್ನ ತಿಂಡಿಯ ಪೊಟ್ಟಣ ಬರುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಲೊರ್ನಾ ಎಂದು ಹೆಸರು, ಸಂತೆಯಲ್ಲಿ ಮೀನು ಮಾರುತ್ತಾಳೆ. ಗಂಡ ಸಿಪ್ರಿಯಾನೊ ಮೀನುಗಾರ. ದೋಣಿಯ ಎಂಜಿನ್ ಕದ್ದು ಕಾವಲುಗಾರನನ್ನು ಹೊಡೆದ ಎಂದು ಹಿಡಿದುಕೊಂಡು ಹೋಗಿದ್ದರು. ಅವಳು ಹೇಳಿದ್ದು ನನ್ನ ಪುಸ್ತಕದಲ್ಲಿ ಅಕ್ಷರಶಃ ಇದೆ:

"ಸ್ವಾಮಿ, ನನಗೆ ಕಾನೂನು ಗೊತ್ತಿಲ್ಲ. ನನ್ನ ಗಂಡ ಒಳಗೆ ಹೋಗಿ ಎಂಟು ವರ್ಷ ಆಯ್ತು. ಅವನು ತಪ್ಪು ಮಾಡಿದಾನೋ ಇಲ್ವೋ, ಇವತ್ತಿನವರೆಗೂ ಯಾರೂ ಹೇಳಿಲ್ಲ. ನೀವು ಶಿಕ್ಷೆ ಜಾಸ್ತಿ ಮಾಡ್ಬೇಕೋ ಕಮ್ಮಿ ಮಾಡ್ಬೇಕೋ ಅಂತ ಬೆಳಗ್ಗೆಯಿಂದ ಕಿತ್ತಾಡ್ತಿದೀರಿ. ಮೊದಲು ಅವನಿಗೆ ಶಿಕ್ಷೆ ಇದೆಯೋ ಇಲ್ವೋ, ಅದನ್ನ ಹೇಳಿ."

ಅಧ್ಯಕ್ಷರು ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳ ಮುಂದೆ ನಗುವಂಥದ್ದು. "ತಾಯೀ, ಇಲ್ಲಿ ನೀತಿಯ ಬಗ್ಗೆ ಮಾತಾಡ್ತಿದೀವಿ. ಒಬ್ಬೊಬ್ಬರ ಕೇಸು ಹಿಡ್ಕೊಂಡು ಕೂತ್ರೆ ಸಂಜೆ ವಿಮಾನ ತಪ್ಪಿಹೋಗುತ್ತೆ" ಎಂದರು. ಯಾರೋ ಮೈಕು ಆರಿಸಿದರು. ಅವಳು ಸ್ವಲ್ಪ ಹೊತ್ತು ಸತ್ತ ಮೈಕಿನಲ್ಲೇ ಮಾತಾಡಿದಳು. ನಾನು ಬರೆಯುತ್ತಲೇ ಇದ್ದೆ.

ನಿಮ್ಮ ವರದಿಯ ನಲವತ್ತೊಂದನೇ ಪುಟ ತೆಗೆದು ನೋಡು. ಮೇಯರಿಗೆ ಎರಡು ಪುಟ, ಪ್ರೊಫೆಸರಿಗೆ ಆರು. ಲೊರ್ನಾ ಬಗ್ಗೆ: 'ಸಭಿಕರಿಂದ ಒಂದು ಭಾವನಾತ್ಮಕ ಪ್ರತಿಕ್ರಿಯೆ ವ್ಯಕ್ತವಾಯಿತು.' ಇದನ್ನು ಬರೆದದ್ದು ನೀನೋ ಬೇರೆಯವರೋ ನಾನು ಕೇಳುವುದಿಲ್ಲ. ಆದರೆ ಅವಳ ಮಾತಿನಷ್ಟು ಸ್ಪಷ್ಟ ಮಾತು ಆ ದಿನ ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ. ಅದರಲ್ಲಿ ಅವರಿಗೆ ಕಂಡ ಭಾವನೆ ಯಾವುದೋ!

ಮಾರನೆಯ ದಿನ ಅವಳು ನಮ್ಮ ಕಚೇರಿಗೇ ಬಂದಳು. ಮೀನಿನ ಬುಟ್ಟಿಯನ್ನು ಹೊರಗಿಟ್ಟು, ಕೈ ತೊಳೆದುಕೊಂಡು, ನನ್ನ ಮೇಜಿನ ಮುಂದೆ ನಿಂತಳು. ಗುಮಾಸ್ತ ನೆಸ್ಟರ್ ಎಂದಿನ ರಾಗ ತೆಗೆದ. "ನಿನ್ನ ಗಂಡನ ಕೇಸಿನಲ್ಲಿ ಸಾಕ್ಷಿ ಕೇಳಿದ ನ್ಯಾಯಾಧೀಶರು ನಿವೃತ್ತರಾದ್ರಮ್ಮ. ಆಮೇಲೆ ಬಂದವರಿಗೆ ವರ್ಗ ಆಯ್ತು. ಈಗಿನವರು ಸಾಕ್ಷಿ ಕೇಳಿಲ್ಲ, ಟೈಪ್ ಆದ ಪ್ರತಿ ಓದಿಯೇ ತೀರ್ಪು ಕೊಡ್ಬೇಕು. ಆ ಪ್ರತಿ ಇಲ್ಲ. ನಾವೇನು ಮಾಡೋಣ?"

ಲೊರ್ನಾ ನನ್ನ ಕಡೆ ತಿರುಗಿದಳು. "ಸಾಕ್ಷಿ ಹೇಳ್ತಿದ್ದಾಗ ಮುಂದೆ ಕೂತು ಯಾರೋ ಬರ್ಕೊಳ್ತಿದ್ರಲ್ಲ ಅಕ್ಕಾ? ನಾನು ತೀರಾ ಹಿಂದಿದ್ದೆ, ಜನ ಜಾಸ್ತಿ, ಯಾರೂಂತ ಕಾಣ್ಲಿಲ್ಲ. ಬರ್ಕೊಂಡಿದ್ದು ಎಲ್ಲಿ ಹೋಗುತ್ತೆ? ಅದೇನು ಮಂಜುಗಡ್ಡೇನಾ, ಕರಗೋಕೆ?"

ಹಳೆಯ ದಾಖಲೆಗಳ ಕೋಣೆಗೆ ಹೋದೆ. ಎರಡು ದಿನ ಹುಡುಕುವ ಶಾಸ್ತ್ರ ಮಾಡಿ, ಐದು ಶೀಘ್ರಲಿಪಿ ಪುಸ್ತಕ ಹೊರತೆಗೆದೆ. ನ್ಯಾಯಾಧೀಶರ ಮೇಜಿನ ಮೇಲಿಟ್ಟಾಗ ಅವರು, "ಇವು ನಿಮ್ಮ ಜೊತೆಗಿದ್ದು ತೀರಿಕೊಂಡ ಸ್ಟೆನೋ ಡೆಲ್ಫಿನ್ ಅವರದ್ದಲ್ವೇನ್ರೀ? ಒಬ್ಬರ ಗೆರೆ ಇನ್ನೊಬ್ಬರಿಗೆ ಅರ್ಥ ಆಗಲ್ಲ ಅಂತೀರಿ. ನಿಮಗೆ ಓದೋಕೆ ಬರುತ್ತಾ?" ಎಂದರು.

"ಪ್ರಯತ್ನ ಮಾಡ್ತೀನಿ ಸರ್" ಎಂದೆ.

ಹತ್ತೊಂಬತ್ತು ದಿನ ಟೈಪ್ ಮಾಡಿದೆ. ನಾಲ್ಕನೆಯ ಪುಸ್ತಕದ ನಡುವಿನಲ್ಲಿ, ಕಾವಲುಗಾರನ ಪಾಟೀಸವಾಲಿನಲ್ಲಿ, ವಕೀಲರು ಕೇಳುತ್ತಾರೆ: "ನೀವು ಸಿಪ್ರಿಯಾನೊ ಮುಖ ನೋಡಿದ್ರಾ?" ಕಾವಲುಗಾರ ಹೇಳುತ್ತಾನೆ: "ಮುಖ ನೋಡ್ಲಿಲ್ಲ. ಕೆಂಪು ಅಂಗಿ ನೋಡಿದೆ. ಅವನ ಹತ್ರ ಕೆಂಪು ಅಂಗಿ ಇದೆ ಅಂತ ಜನ ಹೇಳಿದ್ರು." ಬೇರೆ ಸಾಕ್ಷಿಯೇ ಇಲ್ಲ. ಅಷ್ಟೇ ಮಗಳೇ. ಆ ಒಂದು ಉತ್ತರ ನಮ್ಮ ಕಪಾಟಿನಲ್ಲಿ ಮಲಗಿತ್ತು, ಆ ಮನುಷ್ಯ ಜೈಲಿನಲ್ಲಿ ಸರದಿಯ ಮೇಲೆ ಮಲಗುತ್ತಿದ್ದ.

ಸೆಪ್ಟೆಂಬರ್ ಕೊನೆಗೆ ತೀರ್ಪು ಬಂತು. ಖುಲಾಸೆ. ಬಿಡುಗಡೆಯ ದಿನ ನಾನೂ ಜೈಲಿನ ಬಾಗಿಲಿಗೆ ಹೋಗಿದ್ದೆ. ಅವನನ್ನು ಹಿಡಿದಾಗ ಮಗಳಿಗೆ ನಾಲ್ಕು ವರ್ಷ, ಈಗ ಹನ್ನೆರಡು. ಮೊದಲೆಲ್ಲ ಅವಳನ್ನು ಜೈಲಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ಒಳಗೆ ಕ್ಷಯ ಹರಡಿದ ಮೇಲೆ ಲೊರ್ನಾ ನಿಲ್ಲಿಸಿಬಿಟ್ಟಿದ್ದಳು. ಆ ಹುಡುಗಿ ಶಾಲೆಯ ಸಮವಸ್ತ್ರದಲ್ಲಿ ನೆಟ್ಟಗೆ ನಿಂತು, "ನಮಸ್ಕಾರ ಸರ್" ಎಂದಳು. ಲೊರ್ನಾ ಅವಳ ಭುಜಕ್ಕೆ ತಿವಿದು, "ಸರ್ ಅಲ್ಲ, ಅಪ್ಪ ಕಣೇ" ಎಂದಳು. ಸಿಪ್ರಿಯಾನೊ, "ಇರ್ಲಿ ಬಿಡು, ನಿಧಾನಕ್ಕೆ" ಎಂದ. ಮೊದಲಿದ್ದುದರ ಅರ್ಧ ಆಳಾಗಿದ್ದಾನೆ. ಎದುರಿನ ರಸ್ತೆ ದಾಟಲು ಲೊರ್ನಾಳ ತೋಳು ಹಿಡಿದುಕೊಂಡ.

ವಾರ ಕಳೆಯುವಷ್ಟರಲ್ಲಿ ಮೇಯರ್ ರೇಡಿಯೊದಲ್ಲಿ, "ನೋಡಿ, ಕಳ್ಳರೆಲ್ಲ ಹೊರಗೆ ಬರ್ತಿದಾರೆ, ಅದಕ್ಕೇ ಕಠಿಣ ಕಾನೂನು ಬೇಕು" ಎಂದರು. ಪ್ರೊಫೆಸರ್ ಕಡೆಯಿಂದ ಇಬ್ಬರು ಬಂದು ಸಿಪ್ರಿಯಾನೊನನ್ನು ಜೈಲಿನ ಗೋಡೆಗೆ ಒರಗಿಸಿ ಫೋಟೊ ತೆಗೆದುಕೊಂಡು ಹೋದರು. ಎರಡೂ ಪಕ್ಷಕ್ಕೆ ಅವನು ಬೇಕಾದ. ಈ ಎಂಟು ವರ್ಷದಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ನಿನ್ನ ಮಸೂದೆಯನ್ನು ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ನನಗೆ ಹೆಮ್ಮೆ. ಆದರೆ ಅರುವತ್ತು ಪುಟದಲ್ಲಿ 'ಸ್ಟೆನೋಗ್ರಾಫರ್' ಎಂಬ ಪದ ಒಂದು ಸಲವೂ ಇಲ್ಲ. ಮೂರು ಜನ ಮಾಡುವ ಕೆಲಸಕ್ಕೆ ಒಬ್ಬಳಿದ್ದೇನೆ, ಅದಿಲ್ಲ. ನ್ಯಾಯಾಧೀಶರು ಬದಲಾದರೆ ಕೇಸು ಎಲ್ಲಿ ನಿಲ್ಲುತ್ತದೆ, ಅದಿಲ್ಲ. ಹಣ ತೆತ್ತು ಪ್ರತಿ ಕೇಳಿದವರ ಪುಟಗಳು ಮೊದಲು ಟೈಪ್ ಆಗುತ್ತವೆ, ಬಡ ಕೈದಿಗೆ ಪುಕ್ಕಟೆ ಕೊಡಬೇಕಾದ ಪುಟಗಳು ಕಪಾಟು ಸೇರುತ್ತವೆ. ಅದೂ ಇಲ್ಲ. ಶಿಕ್ಷೆ ಎಷ್ಟಿರಬೇಕು ಎಂದು ನೀವು ಬರೆಯುತ್ತಲೇ ಇರಿ. ತೀರ್ಪೇ ಬಾರದವನಿಗೆ ಅದರಿಂದ ಆಗಬೇಕಾದ್ದೇನು? ಕೋಪ ಬಂತೇ? ನನಗೂ ಬಂದಿದೆ. ನಿನ್ನ ಮೇಲಲ್ಲ.

ಹೊತ್ತಿಗೆ ಸರಿಯಾಗಿ ಅನ್ನ ತಿನ್ನು, ಬರೀ ನೂಡಲ್ಸ್ ತಿಂದು ಮಲಗಬೇಡ. ಕ್ರಿಸ್‌ಮಸ್ಸಿಗೆ ರಜೆ ಸಿಗದಿದ್ದರೆ ಸಿಕ್ಕಾಗ ಬಾ. ಬಾಲಯೇಸು ನಿನ್ನ ನೆತ್ತಿಯ ಮೇಲೆ ಕೈಯಿಟ್ಟಿರಲಿ.

ನಿನ್ನ ನಾನಾಯ್,
ಪೆರ್ಪೆತುವಾ

ತಾ.ಕ.: ಪತ್ರವನ್ನು ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಆ ಐದು ಪುಸ್ತಕ ಡೆಲ್ಫಿನ್‌ರದ್ದಲ್ಲ, ನನ್ನವು. ಎಲ್ಲಿಟ್ಟಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನನ್ನ ಹೆಸರಿದ್ದ ಹೊದಿಕೆಗಳನ್ನು ನಾನೇ ಹರಿದು, ಗೆದ್ದಲು ತಿಂದಿತ್ತು ಎಂದು ನ್ಯಾಯಾಧೀಶರಿಗೆ ಹೇಳಿದೆ. ನೀನು ಕಾನೂನು ಓದುತ್ತಿದ್ದ ಆ ವರ್ಷಗಳಲ್ಲಿ ನಾನು ಶನಿವಾರ ಭಾನುವಾರವೂ ಟೈಪ್ ಮಾಡುತ್ತಿದ್ದೆನಲ್ಲ, ಅವೆಲ್ಲ ಹಣ ಕೊಟ್ಟವರ ಪುಟಗಳು. ನಿನ್ನ ಕಾಲೇಜಿನ ಶುಲ್ಕ ಕಟ್ಟಿದ್ದು ಅದರಿಂದಲೇ. ಸಿಪ್ರಿಯಾನೊನ ಪುಸ್ತಕಗಳನ್ನು ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ತಳ್ಳುತ್ತಾ ಬಂದೆ. ಆಮೇಲೆ ತಳ್ಳಿದ್ದೂ ಮರೆತೆ. ನೀನು ಏನೂ ಕೇಳಿರಲಿಲ್ಲ, ನಿನ್ನದೇನೂ ತಪ್ಪಿಲ್ಲ. ಆದರೆ ನಿನ್ನಿಂದ ಮುಚ್ಚಿಟ್ಟು ಇನ್ನು ಇರಲಾರೆ.

ತೀರ್ಪಿನಲ್ಲಿ ನ್ಯಾಯಾಧೀಶರು 'ದಿವಂಗತ ಡೆಲ್ಫಿನ್‌ರ ನಿರ್ಲಕ್ಷ್ಯದಿಂದ' ಎಂದು ಬರೆದಿದ್ದಾರೆ. ಇವತ್ತು ಬೆಳಗ್ಗೆ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಹತ್ತಿರ ಡೆಲ್ಫಿನ್‌ರ ಹೆಂಡತಿ ಸೊಲೆದಾದ್ ನನ್ನ ಕೈ ಹಿಡಿದು, "ಅವರು ಅಂಥವರಾಗಿರ್ಲಿಲ್ಲ ಕಣೇ ಪೆರ್ಪೆತುವಾ, ನಿನಗೆ ಗೊತ್ತಲ್ಲ?" ಎಂದು ಕೇಳಿದರು. ಗೊತ್ತು ಎಂದೆ. ಅಷ್ಟನ್ನೇ ಹೇಳಿ ಮನೆಗೆ ಬಂದೆ.

ನಾಳೆ ಇದನ್ನೆಲ್ಲ ನ್ಯಾಯಾಧೀಶರಿಗೆ ಬರಹದಲ್ಲೇ ಕೊಡುತ್ತೇನೆ. ಕೆಲಸ ಹೋಗಬಹುದು, ಪಿಂಚಣಿಯೂ ಹೋಗಬಹುದು. ಸೊಲೆದಾದ್ ಮನೆಗೆ, ಆಮೇಲೆ ಲೊರ್ನಾ ಮನೆಗೆ ಹೋಗಬೇಕು. ಲೊರ್ನಾ ಮುಂದೆ ಹೇಗೆ ಬಾಯಿ ತೆರೆಯಲಿ ಎಂದು ಮಾತ್ರ ತಿಳಿಯುತ್ತಿಲ್ಲ. ನೀನು ನನ್ನ ಅಭಿಪ್ರಾಯ ಕೇಳಿದ್ದೆ. ಇದನ್ನು ನಿಮ್ಮ ವರದಿಗೆ ಸೇರಿಸು. 'ಓರ್ವ ಸಿಬ್ಬಂದಿ' ಎಂದು ಬರೆಯಬೇಡ, ಹೆಸರು ಹಾಕು.